ವೆಬ್‌ಸೈಟಿನ ಟೆಕ್ಸ್ಟ್ ಫೈಲನ್ನು ಸ್ಕ್ರಿಪ್ಟಿನಲ್ಲಿ ಓದುವುದು: ಕನ್ನಡ ಅಕ್ಷರ ಕೆಡದ ಹಾಗೆ

ಯಾವುದೋ ವೆಬ್‌ಸೈಟಿನಲ್ಲಿ ಒಂದು ಟೆಕ್ಸ್ಟ್ ಫೈಲ್ ಇದೆ. ಪ್ರತಿ ಸಲ ಅದನ್ನು ಬ್ರೌಸರಿನಲ್ಲಿ ತೆರೆದು, ಸೇವ್ ಮಾಡಿ, ಆಮೇಲೆ ಸ್ಕ್ರಿಪ್ಟಿಗೆ ಕೊಡುವುದು ಬೇಸರದ ಕೆಲಸ. ಸ್ಕ್ರಿಪ್ಟೇ ಹೋಗಿ ತಂದು ಓದಿಕೊಂಡರೆ ಚೆನ್ನ, ಅಲ್ವಾ? ಪೈಥಾನಿನಲ್ಲಿ ಇದಕ್ಕೆ ನಾಲ್ಕೈದು ಸಾಲು ಸಾಕು. ಹುಡುಕಿದರೆ ಆ ಸಾಲುಗಳು ಎಲ್ಲೆಂದರಲ್ಲಿ ಸಿಗುತ್ತವೆ. ಆದರೆ ಹಾಗೆ ಸಿಗುವ ಸಾಲುಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಫೈಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಫೈಲಿನಲ್ಲಿ ಕನ್ನಡ ಬಂದ ಕೂಡಲೇ ಕೈಕೊಡುತ್ತವೆ.

ನನ್ನ ಸಲಹೆ ಇಷ್ಟು: ಫೈಲನ್ನು ಮೊದಲು ಬರೀ ಬೈಟುಗಳಾಗಿ ತನ್ನಿ. ಬಂದದ್ದು ನಿಜವಾಗಿಯೂ ನೀವು ಕೇಳಿದ ಫೈಲೇ ಅಂತ ನೋಡಿ. ಆಮೇಲೆ ನೀವೇ, ನಿಮ್ಮ ಕೈಯಾರೆ, ಅದನ್ನು ಅಕ್ಷರಗಳಾಗಿ ಬದಲಿಸಿ. ಈ ಮೂರನ್ನು ಬೇರೆ ಬೇರೆ ಮಾಡಿದರೆ ತೊಂದರೆ ಬಂದಾಗ ಎಲ್ಲಿ ಬಂತು ಅಂತ ತಕ್ಷಣ ಗೊತ್ತಾಗುತ್ತದೆ.

ಯಾವ ಫೈಲ್ ತೆಗೆದುಕೊಳ್ಳೋಣ?

ಸುಮ್ನೆ ಒಂದು ಉದಾಹರಣೆ ಫೈಲ್ ಕಟ್ಟುವ ಬದಲು ನಿಜವಾದದ್ದನ್ನೇ ತೆಗೆದುಕೊಳ್ಳೋಣ. ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಸಂಸ್ಥೆ ತನ್ನ ಎಲ್ಲ ಅಕ್ಷರಗಳ ಪಟ್ಟಿಯನ್ನು ಸಾದಾ ಟೆಕ್ಸ್ಟ್ ಫೈಲುಗಳಲ್ಲಿ ಯಾರು ಬೇಕಾದರೂ ತೆಗೆದುಕೊಳ್ಳುವಂತೆ ಇಟ್ಟಿದೆ. ಕನ್ನಡ 1991ರ ಮೊದಲ ಆವೃತ್ತಿಯಿಂದಲೂ ಅದರಲ್ಲಿದೆ. ನಮಗೆ ಬೇಕಾದವು ಮೂರು ಫೈಲು. ಬ್ಲಾಕ್ಸ್ ಅನ್ನುವುದು ಚಿಕ್ಕದು. ಯಾವ ಲಿಪಿ ಯಾವ ಸಂಖ್ಯೆಯಿಂದ ಯಾವ ಸಂಖ್ಯೆವರೆಗೆ ಅನ್ನುವುದು ಅದರಲ್ಲಿದೆ. ಯೂನಿಕೋಡ್‌ಡೇಟಾ ಅನ್ನುವುದು ದೊಡ್ಡದು. 30 ಸಾವಿರಕ್ಕೂ ಜಾಸ್ತಿ ಸಾಲು, ಸಾಲಿಗೊಂದು ಅಕ್ಷರ. ಮೂರನೆಯದು ನೇಮ್‌ಅಲಿಯಾಸಸ್; ಅದರ ಕಥೆ ಮುಂದೆ ಬರುತ್ತದೆ.

ಪೈಥಾನಿನಲ್ಲೇ ಯೂನಿಕೋಡ್‌ಡೇಟಾ ಎಂಬ ಮಾಡ್ಯೂಲ್ ಇದೆಯಲ್ಲ, ಮತ್ತೆ ಫೈಲ್ ಯಾಕೆ ಅಂತ ಕೇಳಬಹುದು. ಆ ಮಾಡ್ಯೂಲು ತಯಾರಾಗುವುದೇ ಈ ಫೈಲುಗಳಿಂದ. ಪೈಥಾನ್ ಕಟ್ಟುವವರ ಸ್ಕ್ರಿಪ್ಟು ಇದೇ ಜಾಗದಿಂದ ಇವನ್ನು ಇಳಿಸಿಕೊಳ್ಳುತ್ತದೆ. ಆದರೆ ನಿಮ್ಮ ಪೈಥಾನ್ ಎಷ್ಟು ಹಳೆಯದೋ ಅದರ ಪಟ್ಟಿಯೂ ಅಷ್ಟೇ ಅಥವಾ ಅದಕ್ಕಿಂತ ಹಳೆಯದು. ಪೈಥಾನ್ 3.11ರಲ್ಲಿ ಇರುವುದು ಯೂನಿಕೋಡ್ 14. ಕನ್ನಡಕ್ಕೆ 2022ರಲ್ಲಿ, ಅಂದರೆ ಯೂನಿಕೋಡ್ 15ರಲ್ಲಿ, ಒಂದು ಹೊಸ ಅನುಸ್ವಾರ ಚಿಹ್ನೆ ಸೇರಿತು. ಅದರ ಸಂಖ್ಯೆ 0ಸಿಎಫ್3 (9 ಆದ ಮೇಲೆ ಎ ಇಂದ ಎಫ್ ವರೆಗಿನ ಇಂಗ್ಲಿಷ್ ಅಕ್ಷರಗಳನ್ನೂ ಅಂಕಿಯಾಗಿ ಬಳಸುವ 16ರ ಎಣಿಕೆ ಇದು). 3.11ಕ್ಕೆ ಅದರ ಹೆಸರು ಕೇಳಿದರೆ ಅಂಥದ್ದೇ ಇಲ್ಲ ಅನ್ನುತ್ತದೆ. ಸೈಟಿನಲ್ಲಿರುವ ಫೈಲಿಗೆ ಮಾತ್ರ ಗೊತ್ತು.

ಇಲ್ಲಿ ಕೋಡನ್ನು ಓದಿಕೊಳ್ಳಲು ಸುಲಭವಾಗಲಿ ಅಂತ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಪೈಥಾನಿನ ಪದಗಳನ್ನೂ ವೆಬ್ ವಿಳಾಸವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ. ವಿಳಾಸ, ಉತ್ತರ, ಸಾಲು ಮುಂತಾದ ವೇರಿಯಬಲ್ ಹೆಸರುಗಳನ್ನು ಬೇಕಾದರೆ ಕನ್ನಡದಲ್ಲೇ ಬಿಡಿ. ಪೈಥಾನ್ 3 ಅದನ್ನು ಒಪ್ಪುತ್ತದೆ. ಹೆಸರಿನ ಮಧ್ಯೆ ಕಣ್ಣಿಗೆ ಕಾಣದ, ಅಕ್ಷರಗಳ ಜೋಡಣೆ ತಡೆಯುವ ಚಿಹ್ನೆ, ಅಂದರೆ ಝಡ್‌ಡಬ್ಲ್ಯುಎನ್‌ಜೆ, ನುಸುಳಿದ್ದರೆ ಮಾತ್ರ ತಕರಾರು ತೆಗೆಯುತ್ತದೆ.

ಮೊದಲ ಹೆಜ್ಜೆ: ಕೋಡ್ ಬರೆಯುವ ಮುಂಚೆ ಕಣ್ಣಿಂದ ನೋಡಿ

ವಿಳಾಸವನ್ನು ಬ್ರೌಸರಿನಲ್ಲಿ ತೆರೆಯಿರಿ. ಬರೀ ಅಕ್ಷರಗಳು ಕಂಡರೆ ಅದು ಟೆಕ್ಸ್ಟ್ ಫೈಲು. ಮೇಲೆ ಮೆನು, ಪಕ್ಕದಲ್ಲಿ ಬಟನ್ನು, ಸಾಲಿಗೆ ನಂಬರು ಎಲ್ಲ ಕಂಡರೆ ಅದು ಟೆಕ್ಸ್ಟ್ ಫೈಲನ್ನು ತೋರಿಸುವ ಪುಟ, ಫೈಲಲ್ಲ. ಗಿಟ್‌ಹಬ್‌ನಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಫೈಲಿನ ಹೆಸರು ಒತ್ತಿದಾಗ ಬರುವ ವಿಳಾಸವನ್ನು ಸ್ಕ್ರಿಪ್ಟಿಗೆ ಕೊಟ್ಟರೆ ಬರುವುದು ಎಚ್‌ಟಿಎಂಎಲ್. ಅಲ್ಲಿ ‘ರಾ’ ಎಂಬ ಬಟನ್ ಒತ್ತಿದಾಗ ಬರುವ ವಿಳಾಸವೇ ಬೇಕು.

ಯೂನಿಕೋಡ್ ವಿಳಾಸದಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ಬಗ್ಗೆ ಎಚ್ಚರ ಇರಲಿ. ಡೊಮೇನ್ ಹೆಸರು ಹೇಗೆ ಬರೆದರೂ ನಡೆಯುತ್ತದೆ. ಅದರ ನಂತರದ ಭಾಗ ಹಾಗಲ್ಲ. ‘ಪಬ್ಲಿಕ್’ ಪದದ ಮೊದಲ ಅಕ್ಷರ ದೊಡ್ಡದು, ಮುಂದಿನ ‘ಯುಸಿಡಿ’ ಪೂರ್ತಿ ದೊಡ್ಡದು, ‘ಲೇಟೆಸ್ಟ್’ ಸಣ್ಣದು, ಮತ್ತೆ ಬರುವ ‘ಯುಸಿಡಿ’ ಪೂರ್ತಿ ಸಣ್ಣದು, ‘ಬ್ಲಾಕ್ಸ್’ನ ಮೊದಲ ಅಕ್ಷರ ದೊಡ್ಡದು. ಒಂದು ಅಕ್ಷರ ಆಚೀಚೆ ಆದರೂ 404, ಅಂದರೆ ‘ಪುಟ ಸಿಗಲಿಲ್ಲ’, ಬರಬಹುದು.

ಆಮೇಲೆ ಟರ್ಮಿನಲ್ಲಿನಲ್ಲಿ ಕರ್ಲ್ ಬಳಸಿ ಸರ್ವರ್ ಏನು ಹೇಳುತ್ತದೆ ನೋಡಿ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಬಿಟ್ಟ ಈ ಪುಟ್ಟ ಸಾಧನ ಈಗ ಲಿನಕ್ಸ್, ಮ್ಯಾಕ್ ಎರಡರಲ್ಲೂ ಸಿಗುತ್ತದೆ. ವಿಂಡೋಸ್ 10ರಲ್ಲಿ 2018ರಿಂದ ಜೊತೆಗೇ ಬರುತ್ತದೆ. ವಿಂಡೋಸ್ ಪವರ್‌ಶೆಲ್ಲಿನಲ್ಲಿ ಬರೀ ‘ಕರ್ಲ್’ ಅಂದರೆ ಬೇರೆ ಆಜ್ಞೆ ಓಡುತ್ತದೆ. ಅಲ್ಲಿ ‘ಕರ್ಲ್.ಇಎಕ್ಸ್‌ಇ’ ಅಂತ ಪೂರ್ತಿ ಬರೆಯಿರಿ.

ಕರ್ಲ್ ಪಕ್ಕ ಹೈಫನ್, ದೊಡ್ಡ ಐ, ಆಮೇಲೆ ವಿಳಾಸ ಹಾಕಿದರೆ ಫೈಲ್ ಬರುವುದಿಲ್ಲ, ಅದರ ಹೆಡರ್ (ಫೈಲಿನ ಬಗ್ಗೆ ಸರ್ವರ್ ಕೊಡುವ ವಿವರದ ಸಾಲುಗಳು) ಮಾತ್ರ ಬರುತ್ತದೆ. ಅದರಲ್ಲಿ ಮೂರು ನೋಡಿ. ಮೊದಲ ಸಾಲಿನಲ್ಲಿ 200, ಅಂದರೆ ‘ಸರಿ’, ಇರಬೇಕು. 301 ಅಥವಾ 302 ಇದ್ದರೆ ಫೈಲು ಬೇರೆ ಕಡೆ ಹೋಗಿದೆ ಎಂದರ್ಥ. ‘ಕಂಟೆಂಟ್-ಟೈಪ್’ ಎಂಬ ಸಾಲು ‘ಟೆಕ್ಸ್ಟ್/ಪ್ಲೇನ್’ ಅಂತ ಶುರುವಾಗಬೇಕು. ಅದೇ ಸಾಲಿನಲ್ಲಿ ಮುಂದೆ ‘ಚಾರ್‌ಸೆಟ್’ (ಬೈಟುಗಳನ್ನು ಯಾವ ಪದ್ಧತಿಯಲ್ಲಿ ಅಕ್ಷರಗಳಾಗಿ ಓದಬೇಕು ಎಂಬ ಸೂಚನೆ) ಇದೆಯೋ ಇಲ್ಲವೋ ಗಮನಿಸಿ. ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ಆಮೇಲೆ ವಿವರವಾಗಿ ನೋಡೋಣ, ಏಕೆಂದರೆ ಕನ್ನಡ ಕೆಡುವುದು ಅಲ್ಲಿಂದಲೇ.

ಒಂದು ಸಲಕ್ಕೆ ಮಾತ್ರ ಫೈಲ್ ಬೇಕಿದ್ದರೆ ಪೈಥಾನೇ ಬೇಡ. ಕರ್ಲ್, ಹೈಫನ್ ಸಣ್ಣ ಎಫ್, ಹೈಫನ್ ದೊಡ್ಡ ಎಲ್, ಹೈಫನ್ ಸಣ್ಣ ಒ, ಫೈಲಿಗೆ ಒಂದು ಹೆಸರು, ಕೊನೆಗೆ ವಿಳಾಸ. ದೊಡ್ಡ ಎಲ್ ಇದ್ದರೆ ಬೇರೆ ವಿಳಾಸಕ್ಕೆ ಕಳಿಸಿದರೂ ಹಿಂದೆ ಹೋಗುತ್ತದೆ. ಸಣ್ಣ ಎಫ್ ಬಿಡಬೇಡಿ. ಅದು ಇಲ್ಲದಿದ್ದರೆ ‘ಪುಟ ಸಿಗಲಿಲ್ಲ’ ಅನ್ನುವ ಸಂದೇಶವನ್ನೇ ಕರ್ಲ್ ನಿಮ್ಮ ಫೈಲ್ ಅಂತ ಸೇವ್ ಮಾಡಿಬಿಡುತ್ತದೆ, ಏನೂ ಆಗಿಲ್ಲ ಎಂಬಂತೆ.

ಎರಡನೇ ಹೆಜ್ಜೆ: ಪೈಥಾನಿನಲ್ಲಿ ತರುವುದು

ಹೊರಗಿನ ಲೈಬ್ರರಿ ಏನೂ ಬೇಡ. ಪೈಥಾನ್ ಜೊತೆಗೇ ಬರುವ ಯುಆರ್‌ಎಲ್‌ಲಿಬ್ ಸಾಕು.

    ಇಂಪೋರ್ಟ್ ಯುಆರ್‌ಎಲ್‌ಲಿಬ್.ರಿಕ್ವೆಸ್ಟ್

    ವಿಳಾಸ = "ಎಚ್‌ಟಿಟಿಪಿಎಸ್://ಡಬ್ಲ್ಯುಡಬ್ಲ್ಯುಡಬ್ಲ್ಯು.ಯೂನಿಕೋಡ್.ಆರ್ಗ್/ಪಬ್ಲಿಕ್/ಯುಸಿಡಿ/ಲೇಟೆಸ್ಟ್/ಯುಸಿಡಿ/ಬ್ಲಾಕ್ಸ್.ಟಿಎಕ್ಸ್‌ಟಿ"

    ವಿತ್ ಯುಆರ್‌ಎಲ್‌ಲಿಬ್.ರಿಕ್ವೆಸ್ಟ್.ಯುಆರ್‌ಎಲ್‌ಓಪನ್(ವಿಳಾಸ, ಟೈಮ್‌ಔಟ್=20) ಆ್ಯಸ್ ಉತ್ತರ:
        ಬೈಟುಗಳು = ಉತ್ತರ.ರೀಡ್()

    ಪಠ್ಯ = ಬೈಟುಗಳು.ಡಿಕೋಡ್("ಯುಟಿಎಫ್-8")
    ಪ್ರಿಂಟ್(ಪಠ್ಯ[:300])

ಓಡಿಸಿದರೆ ಹ್ಯಾಷ್ ಚಿಹ್ನೆಯಿಂದ ಶುರುವಾಗುವ ಕೆಲವು ಸಾಲು ಕಾಣಬೇಕು. ಮೊದಲ ಸಾಲಿನಲ್ಲೇ ಫೈಲಿನ ಹೆಸರು ಮತ್ತು ಯೂನಿಕೋಡ್ ಆವೃತ್ತಿ ಇರುತ್ತದೆ.

‘ವಿತ್’ ಯಾಕೆ ಅಂದರೆ, ಕೆಲಸ ಮುಗಿದ ಮೇಲೆ ಸಂಪರ್ಕ ತಾನಾಗಿಯೇ ಮುಚ್ಚಬೇಕು, ಮಧ್ಯೆ ತೊಂದರೆಯಾದರೂ ಮುಚ್ಚಬೇಕು. ಟೈಮ್‌ಔಟ್ ಬಿಟ್ಟರೆ ಸರ್ವರ್ ಸುಮ್ಮನಿದ್ದಾಗ ನಿಮ್ಮ ಸ್ಕ್ರಿಪ್ಟೂ ಹಾಗೇ ಕಾಯುತ್ತಾ ಕೂರುತ್ತದೆ, ಎಷ್ಟು ಹೊತ್ತಾದರೂ. ಇನ್ನೊಂದು ವಿಷಯ: 20 ಸೆಕೆಂಡು ಅನ್ನುವುದು ಇಡೀ ಕೆಲಸಕ್ಕೆ ಅಲ್ಲ, ಪ್ರತಿ ಸಲ ಸರ್ವರಿನ ಉತ್ತರಕ್ಕೆ ಕಾಯುವ ಹೊತ್ತು. ಒಂದೊಂದೇ ತುಣುಕು ನಿಧಾನವಾಗಿ ಕಳಿಸುವ ಸರ್ವರಾದರೆ ಒಟ್ಟು ಸಮಯ ಅದಕ್ಕಿಂತ ಜಾಸ್ತಿ ಆಗಬಹುದು.

ಕೆಲವು ಸೈಟುಗಳು ಬ್ರೌಸರಿಗೆ ಫೈಲ್ ಕೊಟ್ಟು ಸ್ಕ್ರಿಪ್ಟಿಗೆ 403, ಅಂದರೆ ‘ಅನುಮತಿ ಇಲ್ಲ’, ಕೊಡುತ್ತವೆ. ಯುಆರ್‌ಎಲ್‌ಲಿಬ್ ತನ್ನನ್ನು ‘ಪೈಥಾನ್-ಯುಆರ್‌ಎಲ್‌ಲಿಬ್’ ಅಂತ ಪರಿಚಯ ಮಾಡಿಕೊಳ್ಳುತ್ತದೆ, ಕೆಲವರು ಆ ಹೆಸರನ್ನೇ ತಡೆದಿರುತ್ತಾರೆ. ಆಗ ‘ರಿಕ್ವೆಸ್ಟ್’ ಎಂಬ ವಸ್ತು ಮಾಡಿ, ಅದರ ಹೆಡರ್ಸ್‌ನಲ್ಲಿ ‘ಯೂಸರ್-ಏಜೆಂಟ್’ಗೆ ನಿಮ್ಮ ಸ್ಕ್ರಿಪ್ಟಿನ ಹೆಸರು ಮತ್ತು ನಿಮ್ಮ ಇಮೇಲ್ ಕೊಡಿ. ಕ್ರೋಮ್ ಎಂದು ಸುಳ್ಳು ಹೇಳುವುದಕ್ಕಿಂತ ಇದು ಎಷ್ಟೋ ವಾಸಿ. ಸೈಟ್ ನಡೆಸುವವರಿಗೆ ನಿಮ್ಮಿಂದ ತೊಂದರೆಯಾದರೆ ಹೇಳಲು ದಾರಿ ಇರುತ್ತದೆ. ಜೊತೆಗೆ ಆ ಸೈಟಿನ ರೋಬಾಟ್ಸ್ ಫೈಲನ್ನೂ ಒಮ್ಮೆ ನೋಡಿ. ಅದೂ ಒಂದು ಟೆಕ್ಸ್ಟ್ ಫೈಲೇ. ಸ್ಕ್ರಿಪ್ಟುಗಳು ಎಲ್ಲಿಗೆ ಬರಬಾರದು ಅಂತ ಹೇಳಲು 1994ರಿಂದ ಇರುವ ಪದ್ಧತಿ ಅದು.

ಮೂರನೇ ಹೆಜ್ಜೆ: ಬಂದದ್ದು ಅದೇನಾ?

200 ಬಂತು ಅಂದಮಾತ್ರಕ್ಕೆ ಫೈಲ್ ಬಂತು ಅಂತಲ್ಲ. ಲಾಗಿನ್ ಕೇಳುವ ಪುಟಕ್ಕೂ 200 ಬರುತ್ತದೆ. ಹೋಟೆಲ್, ವಿಮಾನ ನಿಲ್ದಾಣದ ವೈಫೈಯಲ್ಲಿ ‘ಮೊಬೈಲ್ ನಂಬರ್ ಹಾಕಿ’ ಅನ್ನುವ ಪುಟಕ್ಕೂ ಬರುತ್ತದೆ. ಹಾಗಾಗಿ ಡಿಕೋಡ್ ಮಾಡುವ, ಅಂದರೆ ಬೈಟುಗಳನ್ನು ಅಕ್ಷರಗಳಾಗಿ ಬದಲಿಸುವ ಮುಂಚೆ ಎರಡು ಪರೀಕ್ಷೆ ಮಾಡಿ.

ಮೊದಲನೆಯದು, ‘ಉತ್ತರ.ಹೆಡರ್ಸ್.ಗೆಟ್_ಕಂಟೆಂಟ್_ಟೈಪ್()’ ಏನು ಹೇಳುತ್ತದೆ? ‘ಟೆಕ್ಸ್ಟ್/ಎಚ್‌ಟಿಎಂಎಲ್’ ಅಂದರೆ ಅಲ್ಲೇ ನಿಲ್ಲಿಸಿ. ಕೆಲವು ಸರ್ವರುಗಳು ಟೆಕ್ಸ್ಟ್ ಫೈಲಿಗೆ ‘ಆಕ್ಟೆಟ್-ಸ್ಟ್ರೀಮ್’ ಅನ್ನುವುದೂ ಉಂಟು, ಅದಕ್ಕೆ ಹೆದರಬೇಕಿಲ್ಲ. ಎರಡನೆಯದು, ಫೈಲು ಪೂರ್ತಿ ಬಂದಿದೆಯಾ? ಬ್ಲಾಕ್ಸ್ ಫೈಲಿನ ಕೊನೆಯಲ್ಲಿ ಹ್ಯಾಷ್ ಹಾಕಿ ‘ಇಒಎಫ್’ ಅಂತ ಬರೆದಿರುತ್ತಾರೆ. ಅದು ಕಾಣದಿದ್ದರೆ ಅರ್ಧ ಬಂದಿದೆ ಅಂತಲೇ ಲೆಕ್ಕ. ಯೂನಿಕೋಡ್‌ಡೇಟಾ ಫೈಲಿನಲ್ಲಿ ಈ ಗುರುತು ಇಲ್ಲ. ಅಲ್ಲಿ ಕೊನೆಯ ಸಾಲು 10ಎಫ್‌ಎಫ್‌ಎಫ್‌ಡಿ ಎಂಬ ಸಂಖ್ಯೆಯಿಂದ ಶುರುವಾಗಬೇಕು. ನಿಮ್ಮ ಫೈಲಿಗೂ ಇಂಥ ಒಂದು ಗುರುತು ಹುಡುಕಿಟ್ಟುಕೊಳ್ಳಿ. ಯಾವಾಗಲೂ ಇರಬೇಕಾದ ಒಂದು ಸಾಲು, ಕನಿಷ್ಠ ಇಷ್ಟು ಬೈಟು, ಏನಾದರೂ ಸರಿ.

ನಾಲ್ಕನೇ ಹೆಜ್ಜೆ: ಬೈಟಿನಿಂದ ಅಕ್ಷರಕ್ಕೆ

ಇಲ್ಲಿ ಸ್ವಲ್ಪ ನಿಧಾನಿಸೋಣ.

ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು, ಕನ್ನಡದ್ದಕ್ಕೆ ಮೂರು. ‘ಕನ್ನಡ’ ಅನ್ನುವ ಪದ ಕಣ್ಣಿಗೆ ಮೂರಕ್ಷರ. ಪೈಥಾನಿಗೆ ಅದು ಐದು: ಕ, ನ, ವಿರಾಮ ಚಿಹ್ನೆ (ಪೂರ್ಣವಿರಾಮ, ಅಲ್ಪವಿರಾಮದಂಥದ್ದಲ್ಲ, ಒತ್ತಕ್ಷರ ಮಾಡುವ ಹಲಂತ), ಇನ್ನೊಂದು ನ, ಡ. ಬೈಟುಗಳಲ್ಲಿ ಎಣಿಸಿದರೆ ಹದಿನೈದು. ಹಾಗಾಗಿ ‘ಲೆನ್’ ಕೊಡುವ ಉತ್ತರ ನಿಮ್ಮ ಎಣಿಕೆಗೆ ತಾಳೆ ಆಗದಿದ್ದರೆ ಗಾಬರಿ ಬೇಡ.

ಇನ್ನು ಬೈಟುಗಳ ಒಳಗೆ ನೋಡಿ. ಕ ಅಕ್ಷರದ ಸಂಖ್ಯೆ 0ಸಿ95. ಅದರ ಮೂರು ಬೈಟು ಇ0, ಬಿ2, 95. ಕನ್ನಡದ ಎಲ್ಲ ಅಕ್ಷರಗಳೂ ಇ0 ಬಿ2 ಅಥವಾ ಇ0 ಬಿ3 ಅಂತಲೇ ಶುರುವಾಗುತ್ತವೆ. ಯಾರಾದರೂ ಇದನ್ನು ಐಎಸ್‌ಒ-8859-1 ಎಂಬ ಹಳೆಯ ಯುರೋಪಿನ ಪದ್ಧತಿಯಲ್ಲಿ ಓದಿದರೆ ಇ0 ಅನ್ನುವುದು ತಲೆ ಮೇಲೆ ಗೀಟಿರುವ ಇಂಗ್ಲಿಷ್ ಎ ಆಗುತ್ತದೆ. ಬಿ2 ಅನ್ನುವುದು ಮೇಲೆ ಏರಿ ಕೂತ ಪುಟ್ಟ 2, ಬಿ3 ಅನ್ನುವುದು ಪುಟ್ಟ 3. ಪರದೆ ತುಂಬ ಗೀಟಿನ ಎ, ಪುಟ್ಟ 2, ಪುಟ್ಟ 3 ಕಂಡರೆ ನಿಮ್ಮ ಫೈಲು ಸರಿಯಾಗಿಯೇ ಇದೆ, ಓದಿದ ರೀತಿ ತಪ್ಪು. ಈ ಗುರುತು ನೆನಪಿಟ್ಟುಕೊಳ್ಳಿ, ತುಂಬ ಸಮಯ ಉಳಿಯುತ್ತದೆ.

ಈ ತಪ್ಪು ಎಲ್ಲಿಂದ ಬರುತ್ತದೆ? ಜನ ಹೆಚ್ಚಾಗಿ ಬಳಸುವ ‘ರಿಕ್ವೆಸ್ಟ್ಸ್’ ಲೈಬ್ರರಿಯಲ್ಲಿ ಒಂದು ಹಳೆಯ ನಿಯಮ ಉಳಿದುಕೊಂಡಿದೆ. ಸರ್ವರ್ ‘ಟೆಕ್ಸ್ಟ್’ ಅಂತ ಹೇಳಿ ಚಾರ್‌ಸೆಟ್ ಹೇಳದಿದ್ದರೆ, ಅದು ಐಎಸ್‌ಒ-8859-1 ಎಂದುಕೊಳ್ಳುತ್ತದೆ. ನೀವು ‘ಉತ್ತರ.ಟೆಕ್ಸ್ಟ್’ ಅಂದ ಕೂಡಲೇ ಕನ್ನಡ ಹಾಳು. ಅದಕ್ಕೇ ರಿಕ್ವೆಸ್ಟ್ಸ್ ಬಳಸಿದರೂ ‘ಉತ್ತರ.ಕಂಟೆಂಟ್’ ತೆಗೆದುಕೊಂಡು ನೀವೇ ಯುಟಿಎಫ್-8 ಅಂತ ಡಿಕೋಡ್ ಮಾಡಿ. ಇಲ್ಲವೇ ‘ಟೆಕ್ಸ್ಟ್’ ಮುಟ್ಟುವ ಮೊದಲು ‘ಉತ್ತರ.ಎನ್‌ಕೋಡಿಂಗ್’ಗೆ ಯುಟಿಎಫ್-8 ಅಂತ ಕೊಡಿ.

ಇಂಥ ತಪ್ಪು ಓದಿಗೆ ಇನ್ನೊಂದು ವಿಚಿತ್ರ ಪರಿಣಾಮ ಇದೆ. ಅ ಅಕ್ಷರದ ಬೈಟುಗಳು ಇ0, ಬಿ2, 85. ಐಎಸ್‌ಒ-8859-1ರಲ್ಲಿ 85 ಅಂದರೆ ‘ಮುಂದಿನ ಸಾಲು’ ಎಂಬ ನಿಯಂತ್ರಣ ಚಿಹ್ನೆ. ಪೈಥಾನಿನ ‘ಸ್ಪ್ಲಿಟ್‌ಲೈನ್ಸ್’ ಅದನ್ನೂ ಸಾಲಿನ ಕೊನೆ ಎಂದೇ ತಿಳಿಯುತ್ತದೆ. ಹಾಗಾಗಿ ಪಠ್ಯದಲ್ಲಿ ಎಲ್ಲೆಲ್ಲಿ ಅ ಇದೆಯೋ ಅಲ್ಲೆಲ್ಲ ಸಾಲು ತುಂಡಾಗುತ್ತದೆ. ‘ಅಮ್ಮ’, ‘ಅವರು’, ‘ಅಲ್ಲಿ’ ಬಂದ ಕಡೆಯೆಲ್ಲ ಹೊಸ ಸಾಲು! ಸಾಲುಗಳ ಲೆಕ್ಕ ಯಾಕೆ ಜಾಸ್ತಿ ಬರುತ್ತಿದೆ ಎಂದು ತಲೆ ಕೆರೆದುಕೊಳ್ಳುವವರು ಇದನ್ನು ಒಮ್ಮೆ ನೋಡಲಿ.

ವಿಂಡೋಸಿನಲ್ಲಿ ಕಾಣುವ ತೊಂದರೆ ಬೇರೆ ರೂಪದ್ದು. ಇಳಿಸಿಕೊಂಡ ಫೈಲನ್ನು ಎನ್‌ಕೋಡಿಂಗ್ ಹೇಳದೆ ‘ಓಪನ್’ ಮಾಡಿದರೆ ಪೈಥಾನಿನ ಇಲ್ಲಿಯವರೆಗಿನ ಬಹುತೇಕ ಆವೃತ್ತಿಗಳು ವಿಂಡೋಸಿನ 1252 ಎಂಬ ಕೋಷ್ಟಕ ಹಿಡಿದು ಓದಲು ನೋಡುತ್ತವೆ. ಆ ಕೋಷ್ಟಕದಲ್ಲಿ 8ಡಿ ಎಂಬ ಬೈಟಿಗೆ ಜಾಗವೇ ಇಲ್ಲ. ನಮ್ಮ ವಿರಾಮ ಚಿಹ್ನೆಯ ಕೊನೆಯ ಬೈಟು ಅದೇ 8ಡಿ. ಒತ್ತಕ್ಷರ ಇರುವ ಕಡೆಯೆಲ್ಲ ಆ ಚಿಹ್ನೆ ಇರುತ್ತದೆ. ಒತ್ತಕ್ಷರ ಇಲ್ಲದ ಕನ್ನಡ ಪಠ್ಯ ಎಲ್ಲಿದೆ ಹೇಳಿ? ಅದಕ್ಕೇ ‘ಚಾರ್‌ಮ್ಯಾಪ್’ನಿಂದ 8ಡಿ ಬೈಟನ್ನು ಡಿಕೋಡ್ ಮಾಡಲಾಗದು ಎಂಬ ದೂರು ಕನ್ನಡಿಗರಿಗೆ ಅಷ್ಟು ಪರಿಚಿತ. ಪರಿಹಾರ ಒಂದೇ: ಪ್ರತಿ ‘ಓಪನ್’ನಲ್ಲೂ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯುವುದು. ‘ಎರರ್ಸ್ ಇಗ್ನೋರ್’ ಅಂತ ಹಾಕಿ ಬಾಯಿ ಮುಚ್ಚಿಸಬೇಡಿ. ದೂರು ನಿಲ್ಲುತ್ತದೆ, ಜೊತೆಗೆ ವಿರಾಮ ಚಿಹ್ನೆಗಳೂ ಏ, ಐ, ಝ ಅಕ್ಷರಗಳೂ ಮುರಿದುಹೋಗುತ್ತವೆ.

ಫೈಲಿನ ಮೊದಲ ಪದ ಮಾತ್ರ ಯಾವುದಕ್ಕೂ ಹೊಂದುತ್ತಿಲ್ಲ, ನೋಡಲು ಸರಿಯಾಗೇ ಇದೆ ಅಂದರೆ ಬಿಒಎಂ ಇದೆ ಎಂದು ತಿಳಿಯಿರಿ. ಅದು ಫೈಲಿನ ತಲೆಗೆ ಕೆಲವು ಎಡಿಟರುಗಳು ಅಂಟಿಸುವ ಮೂರು ಬೈಟು. ‘ಯುಟಿಎಫ್-8-ಸಿಗ್’ ಅಂತ ಡಿಕೋಡ್ ಮಾಡಿದರೆ ಅದು ಇದ್ದರೆ ಹೋಗುತ್ತದೆ, ಇಲ್ಲದಿದ್ದರೂ ತೊಂದರೆಯಿಲ್ಲ. ಯಾರು ಮಾಡಿದ ಫೈಲೋ ಗೊತ್ತಿಲ್ಲದಾಗ ನಾನು ಇದನ್ನೇ ಬಳಸುತ್ತೇನೆ.

ಯುಟಿಎಫ್-8 ಅಲ್ಲವೇ ಅಲ್ಲದ ಕನ್ನಡ ಫೈಲುಗಳೂ ಇವೆ. ಯೂನಿಕೋಡ್ ಎಲ್ಲೆಡೆ ಬರುವ ಮುಂಚೆ ನುಡಿ, ಬರಹ ತಂತ್ರಾಂಶಗಳ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯ ಇನ್ನೂ ಬೇಕಾದಷ್ಟು ಇದೆ. ನುಡಿಯಲ್ಲಿ ‘ಕನ್ನಡ’ ಎಂದು ಟೈಪಾದ ಪದವನ್ನು ಆ ಫಾಂಟಿಲ್ಲದೆ ನೋಡಿದರೆ ಮೊದಲು ದೊಡ್ಡ ಪಿ, ಆಮೇಲೆ ಗೀಟಿನ ಎ, ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ ಕಾಣುತ್ತದೆ. ಅಲ್ಲಿ ಕನ್ನಡ ಇರುವುದು ಫಾಂಟಿನ ಚಿತ್ರದಲ್ಲಿ, ಬೈಟುಗಳಲ್ಲಲ್ಲ. ಯಾವ ಡಿಕೋಡೂ ಅದನ್ನು ಸರಿಮಾಡದು. 1252 ಅಂತ ಓದಿಕೊಂಡು, ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಕೊಡಬೇಕು. ಪುಟ್ಟ 2 ಮತ್ತು ಪುಟ್ಟ 3 ಕಂಡರೆ ಡಿಕೋಡ್ ಸಮಸ್ಯೆ, ಪೌಂಡ್ ಕಂಡರೆ ನುಡಿ. ಖಾಲಿ ಚೌಕ ಕಂಡರೆ ಬರೀ ಫಾಂಟ್ ಇಲ್ಲ ಅಂತ, ಡೇಟಾ ಚೆನ್ನಾಗಿದೆ. ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಕಂಡರೆ ಅಕ್ಷರಗಳು ಆಗಲೇ ಕಳೆದುಹೋಗಿವೆ. ಫೈಲನ್ನು ಮತ್ತೆ ಇಳಿಸಿಕೊಳ್ಳುವುದೇ ದಾರಿ.

ಐದನೇ ಹೆಜ್ಜೆ: ಸಾಲುಗಳನ್ನು ಬಿಡಿಸುವುದು

ಬ್ಲಾಕ್ಸ್ ಫೈಲಿನಲ್ಲಿ ಖಾಲಿ ಸಾಲೂ ಇವೆ, ಹ್ಯಾಷ್ ಹಾಕಿದ ಟಿಪ್ಪಣಿ ಸಾಲೂ ಇವೆ. ಅವನ್ನು ಬಿಟ್ಟು ಉಳಿದದ್ದರಲ್ಲಿ ಕನ್ನಡ ಹುಡುಕೋಣ.

    ಫಾರ್ ಸಾಲು ಇನ್ ಪಠ್ಯ.ಸ್ಪ್ಲಿಟ್("\ಎನ್"):
        ಸಾಲು = ಸಾಲು.ಸ್ಟ್ರಿಪ್()
        ಇಫ್ ನಾಟ್ ಸಾಲು ಆರ್ ಸಾಲು.ಸ್ಟಾರ್ಟ್ಸ್‌ವಿತ್("#"):
            ಕಂಟಿನ್ಯೂ
        ವ್ಯಾಪ್ತಿ, ಹೆಸರು = ಸಾಲು.ಸ್ಪ್ಲಿಟ್(";")
        ಇಫ್ ಹೆಸರು.ಸ್ಟ್ರಿಪ್() == "ಕನ್ನಡ":
            ಮೊದಲು, ಕೊನೆ = [ಇಂಟ್(ಸಂಖ್ಯೆ, 16) ಫಾರ್ ಸಂಖ್ಯೆ ಇನ್ ವ್ಯಾಪ್ತಿ.ಸ್ಪ್ಲಿಟ್("..")]

ಫೈಲಿನಲ್ಲಿ ಲಿಪಿಯ ಹೆಸರು ಇಂಗ್ಲಿಷಿನಲ್ಲಿದೆ, ಆದ್ದರಿಂದ ಉದ್ಧರಣ ಚಿಹ್ನೆಯೊಳಗಿನ ‘ಕನ್ನಡ’ವನ್ನು ಮೊದಲಕ್ಷರ ದೊಡ್ಡದು ಮಾಡಿ ಇಂಗ್ಲಿಷಿನಲ್ಲೇ ಹಾಕಿ. ಸಿಗುವ ಸಾಲು 0ಸಿ80ರಿಂದ 0ಸಿಎಫ್‌ಎಫ್, ಅಂದರೆ 128 ಮನೆ. ಎಲ್ಲ ಮನೆಗಳೂ ತುಂಬಿಲ್ಲ. ವಿಂಡೋಸಿನಲ್ಲಿ ಮಾಡಿದ ಫೈಲುಗಳ ಸಾಲಿನ ಕೊನೆಯಲ್ಲಿ ಒಂದು ಜಾಸ್ತಿ ಚಿಹ್ನೆ ಇರುತ್ತದೆ. ‘ಸ್ಟ್ರಿಪ್’ ಅದನ್ನೂ ತೆಗೆಯುತ್ತದೆ.

ಆರನೇ ಹೆಜ್ಜೆ: ದೊಡ್ಡ ಫೈಲನ್ನು ಬರುತ್ತಾ ಬರುತ್ತಾ ಓದುವುದು

ಯೂನಿಕೋಡ್‌ಡೇಟಾ ಪೂರ್ತಿ ತಂದರೂ ಈಗಿನ ಕಂಪ್ಯೂಟರಿಗೆ ಏನೂ ಅಲ್ಲ. ಆದರೂ ಸಾಲು ಸಾಲಾಗಿ ಓದುವ ಅಭ್ಯಾಸ ಒಳ್ಳೆಯದು. ಆ ಫೈಲು ಸಂಖ್ಯೆಯ ಕ್ರಮದಲ್ಲಿದೆ. ಕನ್ನಡ ಮುಗಿದ ಕೂಡಲೇ ನಿಲ್ಲಿಸಬಹುದು. ಕೆಳಗಿನ ‘ವಿಳಾಸ2’ ಅಂದರೆ ಹಿಂದಿನ ವಿಳಾಸವೇ, ಬ್ಲಾಕ್ಸ್ ಇದ್ದ ಕಡೆ ಯೂನಿಕೋಡ್‌ಡೇಟಾ.

    ವಿತ್ ಯುಆರ್‌ಎಲ್‌ಲಿಬ್.ರಿಕ್ವೆಸ್ಟ್.ಯುಆರ್‌ಎಲ್‌ಓಪನ್(ವಿಳಾಸ2, ಟೈಮ್‌ಔಟ್=20) ಆ್ಯಸ್ ಉತ್ತರ:
        ಫಾರ್ ಕಚ್ಚಾಸಾಲು ಇನ್ ಉತ್ತರ:
            ಅಂಕಣ = ಕಚ್ಚಾಸಾಲು.ಡಿಕೋಡ್("ಯುಟಿಎಫ್-8").ಸ್ಟ್ರಿಪ್().ಸ್ಪ್ಲಿಟ್(";")
            ಸಂಖ್ಯೆ = ಇಂಟ್(ಅಂಕಣ[0], 16)
            ಇಫ್ ಸಂಖ್ಯೆ > ಕೊನೆ:
                ಬ್ರೇಕ್
            ಇಫ್ ಸಂಖ್ಯೆ >= ಮೊದಲು:
                ಪ್ರಿಂಟ್(ಸಿಎಚ್‌ಆರ್(ಸಂಖ್ಯೆ), ಅಂಕಣ[1], ಅಂಕಣ[2])

ಪ್ರತಿ ಸಾಲಿನಲ್ಲಿ 15 ಅಂಕಣ. ಮೊದಲನೆಯದು ಸಂಖ್ಯೆ, ಎರಡನೆಯದು ಹೆಸರು, ಮೂರನೆಯದು ಅಕ್ಷರದ ಬಗೆ. ‘ಎಲ್‌ಒ’ ಅಂದರೆ ಸ್ವರ, ವ್ಯಂಜನದಂಥ ಅಕ್ಷರ. ‘ಎನ್‌ಡಿ’ ಅಂದರೆ ಅಂಕಿ. ‘ಎಂಎನ್’ ಮತ್ತು ‘ಎಂಸಿ’ ಅಂದರೆ ಬೇರೆ ಅಕ್ಷರಕ್ಕೆ ಅಂಟಿಕೊಳ್ಳುವ ಗುಣಿತದಂಥ ಚಿಹ್ನೆ. ಓಡಿಸಿದರೆ 90ರ ಆಸುಪಾಸು ಸಾಲು ಬರುತ್ತದೆ.

ಇಲ್ಲಿ ಸಾಲಿನಿಂದ ಸಾಲಿಗೆ ಡಿಕೋಡ್ ಮಾಡುವುದು ಸುರಕ್ಷಿತ. ಯುಟಿಎಫ್-8ರಲ್ಲಿ ಹೊಸ ಸಾಲಿನ ಬೈಟು ಯಾವ ಕನ್ನಡ ಅಕ್ಷರದ ಒಳಗೂ ಬರುವುದಿಲ್ಲ. ಆದರೆ ‘ರೀಡ್(1024)’ ಅಂತ ಇಷ್ಟಿಷ್ಟೇ ಬೈಟು ಓದಿ ಪ್ರತಿ ತುಣುಕನ್ನೂ ಡಿಕೋಡ್ ಮಾಡಿದರೆ ಎಡವಟ್ಟು. 1024 ಅನ್ನುವುದು ಮೂರರಿಂದ ಭಾಗವಾಗುವುದಿಲ್ಲ. ಯಾವುದೋ ಅಕ್ಷರದ ಒಂದು ಬೈಟು ಈ ತುಣುಕಿನಲ್ಲಿ, ಎರಡು ಮುಂದಿನದರಲ್ಲಿ ಉಳಿಯುತ್ತದೆ. ಅಂಥ ಕಡೆ ‘ಐಒ.ಟೆಕ್ಸ್ಟ್‌ಐಒರ‍್ಯಾಪರ್’ ಒಳಗೆ ಉತ್ತರವನ್ನು ಹಾಕಿ ಓದಿ, ಅದು ಅರ್ಧ ಅಕ್ಷರವನ್ನು ಹಿಡಿದಿಟ್ಟುಕೊಂಡು ಮುಂದಿನದಕ್ಕೆ ಸೇರಿಸುತ್ತದೆ.

ಬಂದ ಪಟ್ಟಿಯಲ್ಲಿ 0ಸಿಡಿಇ ಹುಡುಕಿ. ಅದು ಹಳಗನ್ನಡದ ೞ. ಎದುರಿಗೆ ಇರುವ ಹೆಸರು ‘ಕನ್ನಡ ಲೆಟರ್ ಫಾ’. ಮೊದಲ ಸಲ ಸೇರಿಸಿದಾಗಲೇ ತಪ್ಪಾದ ಹೆಸರು ಅದು. ಒಮ್ಮೆ ಕೊಟ್ಟ ಹೆಸರನ್ನು ಯೂನಿಕೋಡ್ ಬದಲಿಸುವುದಿಲ್ಲ, ಹಾಗಾಗಿ ತಿದ್ದುಪಡಿಯನ್ನು ನೇಮ್‌ಅಲಿಯಾಸಸ್ ಎಂಬ ಬೇರೆ ಫೈಲಿನಲ್ಲಿ ಬರೆದಿದ್ದಾರೆ. ಅದೇ ಫೋಲ್ಡರಿನಲ್ಲಿದೆ, ಅಲ್ಲೂ ಅರೆವಿರಾಮದಿಂದ ಬೇರ್ಪಟ್ಟ ಅಂಕಣಗಳೇ: ಸಂಖ್ಯೆ, ಸರಿಯಾದ ಹೆಸರು, ‘ಕರೆಕ್ಷನ್’ ಎಂಬ ಗುರುತು. ಕನ್ನಡ ಅಕ್ಷರಗಳ ಪಟ್ಟಿ ಮಾಡುವವರು ಆ ಫೈಲನ್ನೂ ಓದಿ, ಸಂಖ್ಯೆ ಕೂಡಿದ ಕಡೆ ಹೆಸರು ಬದಲಿಸಿಕೊಳ್ಳಬೇಕು. ಒಂದೇ ಫೈಲನ್ನು ನಂಬಿದರೆ ೞ ನಿಮ್ಮ ಪಟ್ಟಿಯಲ್ಲಿ ‘ಫಾ’ ಆಗಿಯೇ ಉಳಿಯುತ್ತದೆ.

ಏಳನೇ ಹೆಜ್ಜೆ: ಒಂದು ಪ್ರತಿ ಇಟ್ಟುಕೊಳ್ಳಿ

ಸ್ಕ್ರಿಪ್ಟ್ ಓಡಿದಾಗಲೆಲ್ಲ ಅದೇ ಫೈಲನ್ನು ಇಳಿಸುವುದು ಸರ್ವರಿಗೂ ಹೊರೆ, ನಿಮಗೂ ತಡ. ಬಂದ ಬೈಟುಗಳನ್ನು ಹಾಗೇ ಡಿಸ್ಕಿಗೆ ಬರೆಯಿರಿ. ‘ಓಪನ್’ ಮಾಡುವಾಗ ‘ಡಬ್ಲ್ಯುಬಿ’ ಅಂದರೆ ಬೈಟುಗಳು ಬದಲಾಗದೆ ಹೋಗುತ್ತವೆ. ನೇರವಾಗಿ ಅಸಲಿ ಹೆಸರಿಗೆ ಬರೆಯಬೇಡಿ. ಮೊದಲು ‘ಪಾರ್ಟ್’ ಅಂತ ಬಾಲ ಇರುವ ಹೆಸರಿಗೆ ಬರೆದು, ಮೂರನೇ ಹೆಜ್ಜೆಯ ಪರೀಕ್ಷೆಗಳೆಲ್ಲ ಪಾಸಾದ ಮೇಲೆ ‘ಓಎಸ್.ರಿಪ್ಲೇಸ್’ನಿಂದ ಹೆಸರು ಬದಲಿಸಿ. ಮಧ್ಯೆ ಕರೆಂಟ್ ಹೋದರೂ ಹಳೆಯ ಒಳ್ಳೆಯ ಪ್ರತಿ ಹಾಗೇ ಇರುತ್ತದೆ.

ಮುಂದಿನ ಸಲ ‘ಬದಲಾಗಿದ್ದರೆ ಮಾತ್ರ ಕೊಡು’ ಅಂತ ಕೇಳಬಹುದು. ಮೊದಲ ಸಲ ಬಂದ ‘ಲಾಸ್ಟ್-ಮಾಡಿಫೈಡ್’ ಹೆಡರನ್ನು ಬರೆದಿಟ್ಟುಕೊಂಡು, ಮುಂದಿನ ಸಲ ‘ಇಫ್-ಮಾಡಿಫೈಡ್-ಸಿನ್ಸ್’ ಎಂಬ ಹೆಡರಿನಲ್ಲಿ ಅದನ್ನೇ ವಾಪಸ್ ಕಳಿಸಿ. ಬದಲಾಗಿಲ್ಲದಿದ್ದರೆ ಸರ್ವರ್ 304 ಅನ್ನುತ್ತದೆ, ಫೈಲ್ ಕಳಿಸುವುದಿಲ್ಲ. ಯುಆರ್‌ಎಲ್‌ಲಿಬ್ ಈ 304ನ್ನು ‘ಎಚ್‌ಟಿಟಿಪಿಎರರ್’ ಎಂದು ಎತ್ತಿ ಹಾಕುತ್ತದೆ. ಅದು ತೊಂದರೆಯಲ್ಲ, ಹಿಡಿದುಕೊಂಡು ಹಳೆಯ ಪ್ರತಿಯನ್ನೇ ಓದಿ.

ಎಂಟನೇ ಹೆಜ್ಜೆ: ಕೈಕೊಟ್ಟಾಗ

‘ಎಚ್‌ಟಿಟಿಪಿಎರರ್’ ಅಂದರೆ ಸರ್ವರ್ ಸಿಕ್ಕಿತು, ಆದರೆ ಕೊಡಲಿಲ್ಲ. ‘ಯುಆರ್‌ಎಲ್‌ಎರರ್’ ಅಂದರೆ ಸರ್ವರೇ ಸಿಗಲಿಲ್ಲ. ಮೊದಲನೆಯದು ಎರಡನೆಯದರ ಮಗುವಾದ್ದರಿಂದ ಕೋಡಿನಲ್ಲಿ ಮೊದಲು ‘ಎಚ್‌ಟಿಟಿಪಿಎರರ್’ ಹಿಡಿಯಿರಿ, ಆಮೇಲೆ ಇನ್ನೊಂದು. ಅದಲುಬದಲಾದರೆ ಎಲ್ಲವೂ ನೆಟ್‌ವರ್ಕ್ ತೊಂದರೆ ಅಂತಲೇ ಕಾಣುತ್ತದೆ. ಓದುವ ಮಧ್ಯೆ ಆಗುವ ಟೈಮ್‌ಔಟ್ ಎರಡಕ್ಕೂ ಸೇರದು, ಅದಕ್ಕೆ ಕೊನೆಯಲ್ಲಿ ‘ಓಎಸ್‌ಎರರ್’ ಕೂಡ ಇರಲಿ.

404, 403 ಬಂದರೆ ಮತ್ತೆ ಮತ್ತೆ ಕೇಳುವುದರಲ್ಲಿ ಅರ್ಥವಿಲ್ಲ. 429 ಅಂದರೆ ಜಾಸ್ತಿ ಸಲ ಕೇಳಿದಿರಿ ಅಂತ. ‘ರಿಟ್ರೈ-ಆಫ್ಟರ್’ ಹೆಡರಿನಲ್ಲಿ ಎಷ್ಟು ಹೊತ್ತು ಕಾಯಬೇಕು ಎಂದಿದ್ದರೆ ಅಷ್ಟು ಕಾಯಿರಿ. 500ರ ಮೇಲಿನವು ಬಂದರೆ ಸ್ವಲ್ಪ ಬಿಟ್ಟು, ಪ್ರತಿ ಸಲ ಇನ್ನಷ್ಟು ಬಿಟ್ಟು, ಕೆಲವು ಸಲ ಮಾತ್ರ ಕೇಳಿ. ಸರ್ಟಿಫಿಕೇಟ್ ದೂರು ಬಂದರೆ ಪರಿಶೀಲನೆಯನ್ನೇ ಆಫ್ ಮಾಡಿ ಅನ್ನುವ ಸಲಹೆ ಬೇಕಾದಷ್ಟು ಕಡೆ ಸಿಗುತ್ತದೆ. ದಯವಿಟ್ಟು ಮಾಡಬೇಡಿ. ಮಧ್ಯದಲ್ಲಿ ಯಾರಾದರೂ ಫೈಲ್ ಬದಲಿಸಿದರೆ ನಿಮಗೆ ಗೊತ್ತೇ ಆಗುವುದಿಲ್ಲ. ಮೊದಲು ಕಂಪ್ಯೂಟರಿನ ಗಡಿಯಾರ ಸರಿಯಿದೆಯಾ ನೋಡಿ, ಆಮೇಲೆ ಸಿಸ್ಟಮ್ಮಿನ ಸರ್ಟಿಫಿಕೇಟುಗಳನ್ನು ಅಪ್‌ಡೇಟ್ ಮಾಡಿ. ಅದೇ ರೀತಿ, ಬಂದ ಪಠ್ಯವನ್ನು ‘ಇವಾಲ್’ ಅಥವಾ ‘ಎಕ್ಸೆಕ್’ಗೆ ಕೊಡಬೇಡಿ. ಅದು ಓದಬೇಕಾದ ಪಠ್ಯ, ಓಡಿಸಬೇಕಾದ ಕೋಡಲ್ಲ.

ಬ್ರೌಸರಿನ ಒಳಗೇ ಜಾವಾಸ್ಕ್ರಿಪ್ಟಿನಲ್ಲಿ ಓದಬೇಕಿದ್ದರೆ

‘ಫೆಚ್’ ಮಾಡಿ, ಉತ್ತರದ ಮೇಲೆ ‘ಟೆಕ್ಸ್ಟ್()’ ಕರೆದರೆ ಮುಗಿಯಿತು. ಅದು ಯಾವಾಗಲೂ ಯುಟಿಎಫ್-8 ಅಂತಲೇ ಓದುತ್ತದೆ, ಕನ್ನಡಕ್ಕೆ ಅನುಕೂಲವೇ. ಅಡ್ಡ ಬರುವುದು ಸಿಒಆರ್‌ಎಸ್ ನಿಯಮ. ಬೇರೆ ಸೈಟಿನ ಫೈಲನ್ನು ನಿಮ್ಮ ಪುಟ ಓದಬೇಕಾದರೆ ಆ ಸೈಟು ‘ಆ್ಯಕ್ಸೆಸ್-ಕಂಟ್ರೋಲ್-ಅಲೌ-ಒರಿಜಿನ್’ ಎಂಬ ಹೆಡರಿನಲ್ಲಿ ಒಪ್ಪಿಗೆ ಕೊಟ್ಟಿರಬೇಕು. ಕೊಡದಿದ್ದರೆ ನಿಮ್ಮ ಕೋಡಿನಲ್ಲಿ ಏನು ತಿದ್ದಿದರೂ ಪ್ರಯೋಜನವಿಲ್ಲ. ಆಗ ಪೈಥಾನ್ ಸ್ಕ್ರಿಪ್ಟಿನಿಂದ ಫೈಲನ್ನು ನಿಮ್ಮದೇ ಸರ್ವರಿಗೆ ತಂದಿಟ್ಟು ಅಲ್ಲಿಂದ ಓದಿ.

ದಿನಾ ತಾನಾಗಿಯೇ ಓಡುವಂತೆ ಇಟ್ಟರೆ

ಲಿನಕ್ಸಿನಲ್ಲಿ ಕ್ರಾನ್, ವಿಂಡೋಸಿನಲ್ಲಿ ಟಾಸ್ಕ್ ಶೆಡ್ಯೂಲರ್. ಎಲ್ಲರೂ ಸರಿಯಾಗಿ ಗಂಟೆ ಹೊಡೆಯುವ ಹೊತ್ತಿಗೇ ಇಡುತ್ತಾರೆ, ನೀವು ಹತ್ತೋ ಹದಿನೇಳೋ ನಿಮಿಷ ಆಚೀಚೆ ಇಡಿ. ವಿಂಡೋಸಿನಲ್ಲಿ ಇನ್ನೊಂದು ಕೆಲಸ ಬಾಕಿ ಇದೆ. ಟರ್ಮಿನಲ್ಲಿನಲ್ಲಿ ಚೆನ್ನಾಗಿ ಪ್ರಿಂಟ್ ಆಗುತ್ತಿದ್ದ ಕನ್ನಡ, ಅದೇ ಔಟ್‌ಪುಟ್ಟನ್ನು ಲಾಗ್ ಫೈಲಿಗೆ ತಿರುಗಿಸಿದಾಗ ‘ಯೂನಿಕೋಡ್‌ಎನ್‌ಕೋಡ್‌ಎರರ್’ ಕೊಟ್ಟು ನಿಲ್ಲುತ್ತದೆ. ಅಲ್ಲೂ ಕಾರಣ ಅದೇ 1252. ‘ಪೈಥಾನ್‌ಯುಟಿಎಫ್8’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ಲನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆದು ಅದಕ್ಕೆ 1 ಕೊಟ್ಟರೆ, ಪೈಥಾನ್ 3.7ರಿಂದ ಈಚಿನ ಎಲ್ಲ ಆವೃತ್ತಿಗಳಲ್ಲೂ ಲಾಗಿಗೆ ಕನ್ನಡ ಸರಿಯಾಗಿ ಹೋಗುತ್ತದೆ.